ನಾರ್ಬರ್ಟನ ಸೊಂಟದ ಒರೆ

ನಾರ್ಬರ್ಟ್ ವಿಚೊರೆಕ್ ಮರೆಗುಳಿ ಎಂದು ಹಾಲ್ವರ್ ಫಾಲ್ಸ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಶಾಲೆಯ ಬಸ್ಸು ಓಡಿಸುವ ಈ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ಊರೆಲ್ಲ ಸುತ್ತಿ, ಮನೆಮನೆಯ ಮುಂದೆ ನಿಂತು ಹಾರನ್ ಹೊಡೆದು, ಒಂದು ಮಗುವೂ ಹತ್ತಲಿಲ್ಲವಲ್ಲ, ಈ ಕಾಲದ ಮಕ್ಕಳಿಗೆ ಓದಿನ ಮೇಲೆ ಆಸಕ್ತಿಯೇ ಹೋಯಿತು ಎಂದು ನೊಂದುಕೊಂಡು ಖಾಲಿ ಬಸ್ಸನ್ನು ಶಾಲೆಗೆ ಮುಟ್ಟಿಸಿ ಬಂದಿದ್ದ. ಮನುಷ್ಯ ಒಳ್ಳೆಯವನು. ತಲೆಯೊಳಗೆ ಸಾಮಾನೂ ಸಾಕಷ್ಟಿತ್ತು. ಯಾವುದು ಎಲ್ಲಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರುತ್ತಿರಲಿಲ್ಲ.

ಇಂಥವನಿಗೆ ಅವನ ಮಾವ ಆರ್ವಿಡ್ ಸ್ಕೋಗ್‌ಲಂಡ್ ತನ್ನ ರಿವಾಲ್ವರನ್ನು ಕೊಟ್ಟುಬಿಟ್ಟ. ಆರ್ವಿಡ್ ಕಾಡಿನ ಗಾರ್ಡಾಗಿದ್ದು ನಿವೃತ್ತನಾದವನು, ಎಂಬತ್ತು ದಾಟಿದರೂ ಬೆನ್ನು ಬಾಗದವನು. ಅಳಿಯನ ಹೆಸರನ್ನು ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಉಚ್ಚರಿಸಿರಲಿಲ್ಲ. 'ಡೋರೀನಳ ಗಂಡ' ಎನ್ನುತ್ತಿದ್ದ, ಸಿಟ್ಟು ಬಂದರೆ 'ಅದು' ಎನ್ನುತ್ತಿದ್ದ. ಕಾರಣ ಇಷ್ಟೇ. ಚರ್ಚಿನ ಸಭಾಂಗಣ ಬೇರೆ ದಿನ ಸಿಗಲಿಲ್ಲವೆಂದು ನಾರ್ಬರ್ಟ್ ಮತ್ತು ಡೋರೀನಳ ಮದುವೆ ಜಿಂಕೆ ಬೇಟೆ ಶುರುವಾಗುವ ಶನಿವಾರದಂದೇ ನಡೆದುಹೋಗಿತ್ತು. ಅಮೆರಿಕದ ವಿಸ್ಕಾನ್ಸಿನ್‌ನ ಉತ್ತರದಲ್ಲಿ ಆ ಶನಿವಾರ ಗಂಡಸಾದವನು ಸತ್ತರೂ ಹೆಣ ಹೊರುವವರು ಸಿಗುವುದಿಲ್ಲ, ಎಲ್ಲರೂ ಕಾಡಿನಲ್ಲಿರುತ್ತಾರೆ. ಆರ್ವಿಡ್ ಅಂದು ಸೂಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತು, ದೂರದಿಂದ ಕೇಳುತ್ತಿದ್ದ ಪ್ರತಿ ಗುಂಡಿನ ಸದ್ದಿಗೂ ಕಣ್ಣು ಮುಚ್ಚಿಕೊಂಡಿದ್ದನಂತೆ.

ಈಗ ವಯಸ್ಸಿಗೆ ಅವನ ಕೈ ನಡುಗಿ ಗುರಿ ನಿಲ್ಲುತ್ತಿರಲಿಲ್ಲ. ರಿವಾಲ್ವರನ್ನೂ ಅದರ ಹಳೆಯ ಚರ್ಮದ ಒರೆಯನ್ನೂ ಅಳಿಯನ ಮುಂದಿಟ್ಟು, "ಈ ಸಲ ಬೇಟೆ ಶುರುವಾಗೋ ದಿನ ಚರ್ಚಿನ ಸಭಾಂಗಣದಲ್ಲಿ ಪ್ಯಾನ್‌ಕೇಕ್ ತಿಂಡಿಗೆ ಇದನ್ನ ಕಟ್ಕೊಂಡು ನನ್ನ ಪಕ್ಕ ಕೂತ್ಕೋ. ಇದು ನನ್ನ ಅಳಿಯ ಅಂತ ನಾಲ್ಕು ಜನಕ್ಕೆ ಹೇಳ್ತೀನಿ" ಎಂದ. ನಾರ್ಬರ್ಟನ ಕಣ್ಣಲ್ಲಿ ನೀರಾಡಿತು. ಮೂವತ್ತು ವರ್ಷ ಕಾದು ಸಿಕ್ಕ ಮಾತು ಅದು.

ರಿವಾಲ್ವರನ್ನು ಜೋಪಾನ ಮಾಡಲು ಮನೆಗೆ ಗುಂಡಿ ಒತ್ತುವ ಹೊಸ ತಿಜೋರಿ ಬಂತು. ಸಂಖ್ಯೆ ಹಾಕಿದವಳು ಡೋರೀನ್.

"ನಮ್ಮ ಮದುವೆ ತಾರೀಕು ಹಾಕಿದೀನಿ ನಾರ್ಬ್. ನೀನು ಏನು ಮರೆತರೂ ಅದನ್ನ ಮರೆಯಲ್ಲ" ಎಂದಳು.

ನಾರ್ಬರ್ಟ್ ನಕ್ಕ. ಮದುವೆಯ ದಿನವನ್ನು ಅವನು ಒಂದು ವರ್ಷವೂ ತಪ್ಪಿಸಿದವನಲ್ಲ. ಪ್ರತಿ ಬೇಟೆ ಶನಿವಾರ ಸಂಜೆ ಡೋರೀನಳನ್ನು ಮೀನೂಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ಆದರೆ ಬೇಟೆ ಶನಿವಾರ ವರ್ಷಕ್ಕೊಂದು ತಾರೀಕಿಗೆ ಬೀಳುತ್ತದೆ. ಅದರ ಬಾಲ ಹಿಡಿದುಕೊಂಡು ಮೂವತ್ತು ವರ್ಷ ನಡೆದವನಿಗೆ ಮೂಲ ತಾರೀಕು ಯಾವುದೆಂಬುದು ಎಂದೋ ಉದುರಿಹೋಗಿತ್ತು. ಮದುವೆಯ ಪತ್ರ ನೋಡಬಹುದಿತ್ತಲ್ಲ ಎಂದರೆ, ಅದೂ ಜೋಪಾನವಾಗಿರಲೆಂದು ಡೋರೀನ್ ತಿಜೋರಿಯೊಳಗೇ ಇಟ್ಟಿದ್ದಳು.

ಅಂದಾಜಿನ ಮೇಲೆ ಒತ್ತಿ ನೋಡಿದ. ತಿಜೋರಿ ಊರಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು.

"ಏನದು ಸದ್ದು?" ಅಡುಗೆಮನೆಯಿಂದ ಡೋರೀನ್ ಕೇಳಿದಳು.

"ಏನಿಲ್ಲ, ಫ್ರಿಜ್ಜು."

"ಫ್ರಿಜ್ಜು ನನ್ನ ಪಕ್ಕದಲ್ಲೇ ಇದೆಯಲ್ಲ."

ಆಮೇಲೆ ಅವನು ತಿಜೋರಿಯ ಹತ್ತಿರ ಸುಳಿಯಲಿಲ್ಲ. ಅಷ್ಟರಲ್ಲಿ ಬೇಟೆಯ ವಾರ ಬಂದೇಬಿಟ್ಟಿತು, ಮಾವ ಗಂಟುಮೂಟೆ ಸಮೇತ ಬಂದು ಮನೆಯಲ್ಲಿ ಠಿಕಾಣಿ ಹೂಡಿದ. ಬೆಳಗಾದರೆ ಮೊದಲು ಅಳಿಯನ ಸೊಂಟ ನೋಡುವುದು, "ಕಟ್ಕೊಂಡಿದೀಯೇನು? ಅಭ್ಯಾಸ ಆಗಬೇಕು" ಎನ್ನುವುದು. ತಿಜೋರಿಗೆ ಸೇರದೆ ಉಳಿದಿದ್ದ ಒರೆ ಮುಚ್ಚಳವಿರುವ ಹಳೇ ಮಾದರಿಯದು, ಒಳಗೇನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಆದರೆ ಖಾಲಿ ಇದ್ದರೆ ಸೊರಗಿ ಜೋತುಬೀಳುತ್ತಿತ್ತು. ನಾರ್ಬರ್ಟ್ ಗಾಬರಿಯಲ್ಲಿ ಫ್ರಿಜ್ಜಿಗೆ ಕೈಹಾಕಿ, ಮಾವ ತಾನೇ ಮಾಡಿ ಕೊಟ್ಟಿದ್ದ ಜಿಂಕೆ ಮಾಂಸದ ಸಾಸೇಜ್ ಒಂದನ್ನು ತುರುಕಿದ. ಉದ್ದ, ದಪ್ಪ, ತೂಕ ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಮಾವ ದೂರದಿಂದ ನೋಡಿ ತಲೆದೂಗಿದ.

ಶನಿವಾರಕ್ಕೆ ಎರಡು ದಿನ ಉಳಿದಾಗ ನಾರ್ಬರ್ಟನಿಗೆ ಒಂದು ಯೋಚನೆ ಹೊಳೆಯಿತು. ಆ ತಿಜೋರಿ ಕೊಂಡದ್ದು ಗುಂಡರ್‌ಬೀ ಅಂಗಡಿಯಲ್ಲಿ. ಬೇಟೆ, ಮೀನು, ಆಟ ಎಲ್ಲಕ್ಕೂ ಸಾಮಾನು ಸಿಗುವ ಆ ದೊಡ್ಡ ಅಂಗಡಿಯಲ್ಲಿ ತಿಜೋರಿ ಮಾರುವವನನ್ನೇ ಗುಟ್ಟಾಗಿ ಕೇಳಿದರೆ ಬೇರೆ ಏನಾದರೂ ದಾರಿ ಹೇಳಿಯಾನು. ಕಾಲುಚೀಲ ಬೇಕೆಂದು ಸುಳ್ಳು ಹೇಳಿ ಹೊರಟ. ಡೋರೀನಳೂ ಹೊರಟಳು, ಎದುರಿನ ದಿನಸಿ ಅಂಗಡಿಗೆ. ಮಾವನೂ ಹೊರಟ, ಸುಮ್ಮನೆ. ಗುಂಡರ್‌ಬೀಯಲ್ಲಿ ಹಾಕುವ ಸಂಗೀತ ಅವನಿಗೆ ಆಗದು, ಹಾಗಾಗಿ ಕಾಫಿ ಹಿಡಿದು ಪಿಕಪ್ ಗಾಡಿಯಲ್ಲೇ ಕೂತ.

ಬಾಗಿಲಲ್ಲಿ ಮಾರ್ಲಿಸ್ ನಿಂತಿದ್ದಳು. ಆಕೆ ಅಲ್ಲಿಗೆ ಹೊಸಬಳು. ಬಹಳ ವರ್ಷ ಎದುರಿನ ದಿನಸಿ ಅಂಗಡಿಯಲ್ಲಿ ಕೇಕಿನ ಮೇಲೆ ಹೆಸರು ಬರೆದುಕೊಂಡಿದ್ದವಳು, ಕ್ರೀಮಿನ ಚೀಲ ಹಿಂಡಿ ಹಿಂಡಿ ಕೈ ನೋವು ಬಂದು ಈ ಕೆಲಸಕ್ಕೆ ಸೇರಿ ವಾರವಾಗಿತ್ತು. ರಿಪೇರಿಗೆ ತರುವ ಬಂದೂಕುಗಳ ಬಾಯಿ ತೆಗೆಸಿ, ಗುಂಡಿಲ್ಲವೆಂದು ನೋಡಿ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಒಳಗೆ ಬಿಡುವುದು ಅವಳ ಕೆಲಸ. ರಿಪೇರಿಗೆ ತಂದದ್ದು ಬೇರೆ, ಜನ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದು ಬೇರೆ ಎಂಬ ಭಾಗವನ್ನು ಅವಳಿಗೆ ಹೇಳಿಕೊಟ್ಟವರು ಮರೆತಿದ್ದರೋ, ಅವಳೇ ಮರೆತಿದ್ದಳೋ, ದೇವರಿಗೇ ಗೊತ್ತು.

"ಸಾರ್, ನಿಂತ್ಕೊಳ್ಳಿ. ಬಂದೂಕು ಒಳಗೆ ತರೋ ಹಾಗಿಲ್ಲ" ಎಂದಳು. ಅವಳ ಬೆನ್ನ ಹಿಂದೆ ಗೋಡೆ ತುಂಬ ಬಂದೂಕುಗಳು ಸಾಲಾಗಿ ನಿಂತು ಕೇಳಿಸಿಕೊಳ್ಳುತ್ತಿದ್ದವು.

"ಇದು ಅಂಥದ್ದೇನಲ್ಲ ಅಮ್ಮಾ."

"ರಾಜ್ಯದ ಕಾನೂನು ಸಾರ್. ಗುಂಡೂ ಬಂದೂಕೂ ಒಂದೇ ಕಟ್ಟಡದಲ್ಲಿ ಇರೋ ಹಾಗಿಲ್ಲ."

"ನೀವು ಎರಡೂ ಮಾರ್ತೀರಲ್ಲ."

"ಅದಕ್ಕೇ ಬೇರೆ ಬೇರೆ ಸಾಲಿನಲ್ಲಿ ಇಟ್ಟಿರೋದು" ಎಂದಳು ಮಾರ್ಲಿಸ್, ಬಹಳ ತಾಳ್ಮೆಯಿಂದ. "ಒರೆಯಿಂದ ತೆಗೀರಿ. ನೋಡಿ ಪಟ್ಟಿ ಕಟ್ತೀನಿ. ಒಂದು ನಿಮಿಷದ ಕೆಲಸ."

ತೆಗೆಯುವುದು ಏನನ್ನು? ಗಾಡಿಯಲ್ಲಿ ಬಿಚ್ಚಿಟ್ಟು ಬರೋಣವೆಂದರೆ ಅಲ್ಲಿ ಮಾವ. ಒರೆ ಕೈಗೆ ಸಿಕ್ಕರೆ ಮುದುಕ ಮುಚ್ಚಳ ತೆಗೆಯದೆ ಬಿಡುವವನಲ್ಲ.

"ತೆಗೆಯೋದಿಲ್ಲ" ಎಂದ. ಹೇಳಿದ್ದು ಹೆದರಿಕೆಯಿಂದ. ಆದರೆ ಗಂಟಲು ಒಣಗಿದ್ದರಿಂದ ಧ್ವನಿ ಗಡಸಾಗಿ ಹೊರಟು ಒಳ್ಳೇ ಧೀರನ ಮಾತಿನಂತೆ ಕೇಳಿಸಿತು.

ಆ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಬಂದವನು ಪಕ್ಕದ ಮನೆಯ ಎಲ್ರಾಯ್, ಜೊತೆಗೆ ಅವನ ಬೇಟೆನಾಯಿ ಬಟನ್. ನಾಯಿಗಳಿಗೆ ಅಲ್ಲಿ ಪ್ರವೇಶವುಂಟು. ಎಲ್ರಾಯ್ ಪಕ್ಕದ ಮಿನೆಸೋಟಾ ರಾಜ್ಯದಿಂದ ಬಂದು ನೆಲೆಸಿದವನು. ಜಗಳ ಎಲ್ಲೇ ಆಗಲಿ, ಆಹ್ವಾನವಿಲ್ಲದೆ ಹೋಗಿ ಒಂದು ಕಡೆ ಸೇರಿಕೊಳ್ಳುವುದು ಅವನಿಗೆ ಹುಟ್ಟಿನಿಂದ ಬಂದದ್ದು.

"ತೆಗೀಬೇಡ ಕಣೋ ನಾರ್ಬರ್ಟ್" ಎಂದ. "ಅಲ್ಲಮ್ಮಾ, ನಿಮ್ಮ ಬಾಗಿಲಿನ ಬೋರ್ಡು ನೀವೇ ಓದಿಲ್ವಾ? 'ಒರೆಯಲ್ಲಿರುವ ಆಯುಧ ಒರೆಯಲ್ಲೇ ಇರಲಿ' ಅಂತ ಬರೆದಿದೆ. ನೀವು ತೆಗಿ ಅಂತೀರಿ. ಬೋರ್ಡು ಬೇಡ ಅನ್ನತ್ತೆ. ಅವನು ಯಾರ ಮಾತು ಕೇಳಬೇಕು?"

ಮಾರ್ಲಿಸ್ ಬೋರ್ಡು ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಹೆಗಲ ಮೇಲಿನ ರೇಡಿಯೋಗೆ ಬಾಯಿಟ್ಟು, "ಟ್ರೆಂಟ್, ಬಾಗಿಲಿಗೆ ಬಾ. ಇಲ್ಲೊಬ್ರು ತೆಗೆಯೋದಿಲ್ಲ ಅಂತಿದಾರೆ" ಎಂದಳು.

ಟ್ರೆಂಟ್ ಮೇಲ್ವಿಚಾರಕ. ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ, ಟೈ ಮಾತ್ರ ಬಂದಿತ್ತು. ಅವನು ಬಂದವನೇ ಮಾರ್ಲಿಸ್ ಹೇಳಿದ್ದೆಲ್ಲ ತಪ್ಪು ಎಂದು ಸಾರಿ, ತನ್ನದೇ ಒಂದು ತಪ್ಪು ಹೇಳಿದ. "ತರಬಹುದು ಸಾರ್. ಆದ್ರೆ ಕಾಣೋ ಹಾಗಿರಬಾರದು. ಅಂಗಿ ಒಳಗೆ ಮುಚ್ಕೊಳ್ಳಿ."

ನಾರ್ಬರ್ಟ್ ಬಲು ಸಂತೋಷದಿಂದ ಕೋಟು ಎಳೆದು ಮುಚ್ಚಿಕೊಂಡ.

"ಈಗ ಮುಚ್ಚಿಟ್ಕೊಂಡು ಓಡಾಡ್ತಿದೀರಿ" ಎಂದ ಟ್ರೆಂಟ್. "ಅದಕ್ಕೆ ಪರವಾನಗಿ ಬೇಕು. ತೋರಿಸಿ."

ನಾರ್ಬರ್ಟ್ ಕೋಟು ತೆರೆದ.

"ಕಾಣ್ತಿದೆ" ಎಂದಳು ಮಾರ್ಲಿಸ್.

ಜನ ಸೇರತೊಡಗಿದರು. ಬೇಟೆಗೆ ಎರಡು ದಿನವಿರುವಾಗ ಗುಂಡರ್‌ಬೀಯಲ್ಲಿ ಅರ್ಧ ಜಿಲ್ಲೆ ಇರುತ್ತದೆ. ಬೇಟೆಗೆ ಹಾಕುವ ಕಿತ್ತಳೆ ಟೋಪಿಯವರು, ಗಂಡುಜಿಂಕೆಯನ್ನು ಸೆಳೆಯಲು ಜಿಂಕೆ ಉಚ್ಚೆಯ ಸೀಸೆ ಕೊಳ್ಳಲು ಬಂದವರು, ಬೂಟು ಹಾಕಿ ನೋಡುತ್ತಿದ್ದು ಒಂದೇ ಕಾಲಿಗೆ ಹಾಕಿಕೊಂಡು ಓಡಿಬಂದವರು. ನಾರ್ಬರ್ಟ್ ಅಂದರೆ ಬಸ್ಸಿನ ನಾರ್ಬರ್ಟಾ? ಅವನಿಗೆ ಇಷ್ಟು ಕೆಚ್ಚು ಎಲ್ಲಿತ್ತು? ಒಳಗೆ ಎಂಥ ಬಂದೂಕಿರಬಹುದು? ಎಲ್ಲರ ಕಣ್ಣೂ ಆ ಒರೆಯ ಮೇಲೆ ನೆಟ್ಟವು.

ಈ ಗಲಾಟೆಯಲ್ಲೂ ನಾರ್ಬರ್ಟನ ತಲೆಯಲ್ಲಿ ಕೊರೆಯುತ್ತಿದ್ದುದು ಒಂದೇ, ತನ್ನ ಮದುವೆಯ ತಾರೀಕು. ಟ್ರೆಂಟನ ಕಿವಿಯ ಹತ್ತಿರ ಬಗ್ಗಿ, "ತಮ್ಮಾ, ತೊಂಬತ್ತಮೂರನೇ ಇಸವಿ ನವೆಂಬರ್ ಬಗ್ಗೆ ನಿನಗೇನಾದರೂ ಗೊತ್ತಾ?" ಎಂದು ಪಿಸುಗುಟ್ಟಿದ.

ಟ್ರೆಂಟನ ಮುಖ ಬಿಳುಚಿಕೊಂಡಿತು. ತೊಂಬತ್ತಮೂರರಲ್ಲಿ ಅವನು ಹುಟ್ಟಿರಲಿಲ್ಲ. ಹುಟ್ಟುವ ಮೊದಲೇ ಆದ ಯಾವುದೋ ಕಾಯ್ದೆ ಇರಬೇಕು, ಈ ಮನುಷ್ಯ ಎಲ್ಲ ಓದಿಕೊಂಡು ಬಂದಿದ್ದಾನೆ ಎನಿಸಿ ಅವನು ಫೋನು ಹಿಡಿದು ಮುಖ್ಯ ಕಚೇರಿಗೆ, "ಸಾರ್, ಗಿರಾಕಿ ತೊಂಬತ್ತಮೂರು ಅಂತಿದಾರೆ. ಹೌದು ಸಾರ್, ನವೆಂಬರ್ ಅಂತ ತಿಂಗಳೂ ಹೇಳ್ತಿದಾರೆ" ಎಂದ.

"ತೊಂಬತ್ತಮೂರು!" ಎಲ್ರಾಯ್ ಜನರ ಕಡೆ ತಿರುಗಿ ಕೈ ಎತ್ತಿದ. "ನಾನು ಅದನ್ನೇ ಹೇಳ್ತಾ ಇದ್ದದ್ದು." ಅವನು ಅದನ್ನು ಹೇಳಿರಲೂ ಇಲ್ಲ, ಅದೇನೆಂದು ಅವನಿಗೆ ಗೊತ್ತೂ ಇರಲಿಲ್ಲ. ಆದರೂ ಕಿತ್ತಳೆ ಟೋಪಿಗಳು ಒಂದಾಗಿ ಅಲ್ಲಾಡಿದವು. ತೊಂಬತ್ತಮೂರನ್ನು ಜನ ಮರೆತಿದ್ದಾರೆಂದು ಯಾರೋ ಹಲುಬಿದರು.

ಫೋನಿನ ಆ ತುದಿಯಲ್ಲಿ ದೊಡ್ಡ ತಲೆಗಳು ಸೇರಿ ಚರ್ಚಿಸುತ್ತಿರುವಾಗ ಜನರನ್ನು ಸೀಳಿಕೊಂಡು ಆರ್ವಿಡ್ ಬಂದ. ಕಾಲುಚೀಲಕ್ಕೆ ಇಷ್ಟು ಹೊತ್ತೇ ಎಂದು ನೋಡಲು ಬಂದವನಿಗೆ ಯಾರೋ ಎಲ್ಲ ಹೇಳಿದ್ದರು. ಸಂಗೀತವನ್ನೂ ಲೆಕ್ಕಿಸದೆ ಅಳಿಯನ ಪಕ್ಕದಲ್ಲಿ ಬಂದು ನಿಂತು, ಕೈಯನ್ನು ಅವನ ಹೆಗಲ ಮೇಲಿಟ್ಟ.

"ತೆಗಿ ಅಂದ್ರೂ ತೆಗೀಲಿಲ್ವಾ?"

"ಇಲ್ಲ ಮಾವ."

"ಕೇಳಿ ಎಲ್ರೂ" ಎಂದ ಆರ್ವಿಡ್. "ಆ ರಿವಾಲ್ವರ್ ನಂದು. ನಾನು ಅದನ್ನ ಕಾಡಲ್ಲಿ ಹೊತ್ತಷ್ಟು ಕಾಲ ಬೇಡದ ಜಾಗದಲ್ಲಿ ಒಂದು ಸಲ ಹೊರಗೆ ತೆಗೆದವನಲ್ಲ. ಇವನೂ ತೆಗೆದಿಲ್ಲ. ಇವನು ನನ್ನ ಅಳಿಯ, ನಾರ್ಬರ್ಟ್."

ಹೆಸರು! ಮೂವತ್ತು ವರ್ಷದಲ್ಲಿ ಮೊದಲ ಸಲ. ಆ ಕ್ಷಣದಲ್ಲಿ ಭೂಮಿ ಬಾಯಿಬಿಟ್ಟು ತನ್ನನ್ನು ಅಲ್ಲದಿದ್ದರೂ ಸಾಸೇಜನ್ನಾದರೂ ನುಂಗಬಾರದೇ ಎಂದು ನಾರ್ಬರ್ಟ್ ಬೇಡಿಕೊಂಡ.

ಟ್ರೆಂಟ್ ಫೋನು ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ. "ತಪ್ಪು ನಮ್ಮದೇ ಸಾರ್. ಸೊಂಟದಲ್ಲಿದ್ರೆ ಯಾವತ್ತೂ ತೊಂದರೆ ಇರಲಿಲ್ಲವಂತೆ. ಪಟ್ಟಿ ಕಟ್ಟೋದು ರಿಪೇರಿಗೆ ತಂದದ್ದಕ್ಕೆ ಮಾತ್ರವಂತೆ. ತೊಂಬತ್ತಮೂರರ ವಿಷಯ ವಕೀಲರು ಇನ್ನೂ ಹುಡುಕ್ತಿದಾರೆ. ನೀವು ಒಳಗೆ ಹೋಗಬಹುದು." ಮೇಲೆ ಒಂದು ಕಿತ್ತಳೆ ಟೋಪಿಯನ್ನೂ ಉಚಿತವಾಗಿ ಕೊಟ್ಟ. ಜನ ಚಪ್ಪಾಳೆ ತಟ್ಟಿದರು. ನಾರ್ಬರ್ಟ್ ಗೆದ್ದಿದ್ದ.

ಚಪ್ಪಾಳೆ ನಿಂತ ಮೇಲೆ ಎಲ್ಲರೂ ನಾಯಿಯನ್ನು ನೋಡಿದರು.

ಬಟನ್ ಕಲ್ಲಾಗಿ ನಿಂತಿತ್ತು. ಒಂದು ಮುಂಗಾಲು ಮೇಲೆ, ಬಾಲ ಹಿಂದಕ್ಕೆ ನೆಟ್ಟಗೆ, ಮೂಗು ನೇರವಾಗಿ ನಾರ್ಬರ್ಟನ ಸೊಂಟದ ಕಡೆಗೆ. ಪೊದೆಯಲ್ಲಿ ಹಕ್ಕಿ ಅಡಗಿದ್ದರೆ ಆ ಜಾತಿಯ ನಾಯಿ ಹೀಗೆ ನಿಲ್ಲುತ್ತದೆ.

"ಇದು ಯಾವತ್ತೂ ತಪ್ಪು ತೋರಿಸಿದ್ದಿಲ್ಲ" ಎಂದ ಎಲ್ರಾಯ್, ಕುತೂಹಲದಿಂದ.

"ಬಂದೂಕಿನಲ್ಲಿ ಹಕ್ಕಿಯಾ?" ಎಂದಳು ಮಾರ್ಲಿಸ್.

ಯಾರೂ ಉತ್ತರಿಸುವ ಮೊದಲೇ ಬಟನ್ ನೆಗೆಯಿತು. ಮುಚ್ಚಳದ ಹಿತ್ತಾಳೆ ಗುಂಡಿ ಟಪ್ಪೆಂದು ಬಿಚ್ಚಿತು, ಸಾಸೇಜ್ ನೆಲಕ್ಕೆ ಬಿದ್ದು ಉರುಳಿ ಹೋಗಿ ಟ್ರೆಂಟನ ಬೂಟಿಗೆ ತಾಗಿ ನಿಂತಿತು. ನಾಯಿ ಹತ್ತಿರ ಹೋಗಿ ಒಂದು ಸಲ ಕಚ್ಚಿ ನೋಡಿತು. ಸ್ವಲ್ಪ ಯೋಚಿಸಿತು. ಉಗುಳಿ ಬಂದು ಯಜಮಾನನ ಹಿಂದೆ ಕೂತಿತು.

ಅಷ್ಟು ದೊಡ್ಡ ಅಂಗಡಿಯಲ್ಲಿ ಸಂಗೀತ ಮಾತ್ರ ಕೇಳುತ್ತಿತ್ತು. ಮಾರ್ಲಿಸ್ ಟ್ರೆಂಟನ ಕಡೆ ತಿರುಗಿ ಮೆತ್ತಗೆ, "ಹೊರಗಿನ ತಿಂಡಿ ಒಳಗೆ ತರೋ ಹಾಗಿಲ್ಲ ಅಲ್ವಾ?" ಎಂದಳು. ಅಂದು ಆ ಬಾಗಿಲಲ್ಲಿ ಅವಳು ಆಡಿದ ಮಾತುಗಳಲ್ಲಿ ನಿಯಮದ ಪ್ರಕಾರ ಸರಿಯಾಗಿದ್ದುದು ಅದೊಂದೇ.

"ಅದು ನಾನು ಮಾಡಿದ ಸಾಸೇಜ್" ಎಂದ ಆರ್ವಿಡ್. ಹೆಗಲ ಮೇಲಿದ್ದ ಕೈ ಕೆಳಗಿಳಿಯಿತು. "ನನ್ನ ರಿವಾಲ್ವರ್ ಎಲ್ಲಿ?"

"ತಿಜೋರಿಲಿದೆ ಮಾವ. ಜೋಪಾನವಾಗಿದೆ. ತಿಜೋರಿ ತೆಗೆಯೋಕ್ಕೆ ಬರ್ತಿಲ್ಲ ಅಷ್ಟೇ."

"ಯಾಕೆ ಬರ್ತಿಲ್ಲ?"

ಕೇಳಿದವಳು ಡೋರೀನ್. ದಿನಸಿ ಚೀಲ ಹಿಡಿದು ಯಾವಾಗ ಬಂದು ನಿಂತಿದ್ದಳೋ. "ಮದುವೆ ತಾರೀಕು ಹಾಕಿದೀನಿ ಅಂತ ಹೇಳಿದ್ನಲ್ಲ ನಾರ್ಬ್."

ಇದುವರೆಗೆ ನಾರ್ಬರ್ಟನ ಬೆನ್ನಿಗೆ ಬೆಟ್ಟದಂತೆ ನಿಂತಿದ್ದ ಕಿತ್ತಳೆ ಟೋಪಿಗಳು ಒಂದು ಹೆಜ್ಜೆ ಹಿಂದೆ ಸರಿದವು. ಎಲ್ರಾಯ್ ನಾಯಿಯ ಕೊರಳಪಟ್ಟಿ ಸರಿಮಾಡತೊಡಗಿದ. ಸರ್ಕಾರದ ವಿರುದ್ಧ ನಿಲ್ಲಲು ಜೊತೆಗಾರರು ಸಿಗುತ್ತಾರೆ, ಇಂಥದಕ್ಕೆ ಯಾರೂ ಸಿಗುವುದಿಲ್ಲ.

"ಬೇಟೆ ಶುರುವಾದ ದಿನ ಡೋರೀನ್. ಅದು ನನಗೆ ಚೆನ್ನಾಗಿ ನೆನಪಿದೆ" ಎಂದ ನಾರ್ಬರ್ಟ್.

"ತಾರೀಕು ಹೇಳು."

ನಾರ್ಬರ್ಟ್ ಕೈಯಲ್ಲಿದ್ದ ಉಚಿತ ಟೋಪಿಯನ್ನು ತಿರುಗಿಸುತ್ತ ನಿಂತ.

"ಇಪ್ಪತ್ತು" ಎಂದ ಆರ್ವಿಡ್, ಭೂಮಿಯೊಳಗಿನಿಂದ ಬಂದಂಥ ಧ್ವನಿಯಲ್ಲಿ. "ನವೆಂಬರ್ ಇಪ್ಪತ್ತು, ತೊಂಬತ್ತಮೂರು. ಈ ಮೂಢನಿಗೆ ಮರೆತಿರಬಹುದು, ನನಗೆ ಮರೆಯತ್ತಾ? ಬೆಳಿಗ್ಗೆ ಮಂಜಿತ್ತು, ಗಾಳಿ ಇರಲಿಲ್ಲ. ನನ್ನ ಕೊಟ್ಟಿಗೆ ಹಿಂದೆನೇ ಆ ಗಂಡುಜಿಂಕೆನ ಹೊಡೆದ್ರು. ಹದಿನಾಲ್ಕು ಕವಲಿನ ಕೊಂಬು. ನಾನು ಟೈ ಕಟ್ಕೊಳ್ತಾ ಇದ್ದೆ."

"ಅದು ಸ್ವೆನ್ಸನ್ ಹೊಡೆದದ್ದು. ದೊಡ್ಡ ಪ್ರಾಣಿ" ಎಂದು ಗುಂಪಿನಲ್ಲಿ ಯಾರೋ ಗೌರವದಿಂದ ಹೇಳಿದರು. ಊರಿಗೆಲ್ಲ ಆ ತಾರೀಕು ಗೊತ್ತಿತ್ತು, ಕೇಳಬೇಕಷ್ಟೇ.

ಡೋರೀನ್ ಅಪ್ಪನನ್ನು ನೋಡಿದಳು. ಅವಳ ಧ್ವನಿ ಏರಲಿಲ್ಲ. "ಅಪ್ಪ, ಆ ದಿನ ನನ್ನ ಉಡುಪು ಯಾವ ಬಣ್ಣ?"

"ಬಿಳಿ. ಮದುವೆ ಉಡುಪು ಬಿಳಿ ತಾನೇ."

"ತಿಳಿ ಹಳದಿ. ಅಮ್ಮನದು. ನಾನು ಬಿಚ್ಚಿ ಹೊಲಿದು ಹಾಕ್ಕೊಂಡಿದ್ದೆ" ಎಂದು ಹೇಳಿ ಅವಳು ಹೊರಟಳು. ಹೋಗುವಾಗ ಸಾಸೇಜನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಳ್ಳುವುದನ್ನು ಮರೆಯಲಿಲ್ಲ. ಅವಳು ಏನನ್ನೂ ಮರೆಯುವವಳಲ್ಲ.

ಮನೆಯಲ್ಲಿ ಅವಳು ಅವರಿಬ್ಬರ ಮುಂದೆಯೇ ತಿಜೋರಿ ತೆರೆದಳು. ರಿವಾಲ್ವರ್ ಅಲ್ಲೇ ಇತ್ತು. ಮಾವ ಅಳಿಯ ಇಬ್ಬರೂ ನಿಟ್ಟುಸಿರು ಬಿಟ್ಟರು. ಮುಟ್ಟಲು ಕೈ ಚಾಚುವಷ್ಟರಲ್ಲಿ ಬಾಗಿಲು ಮುಚ್ಚಿತು, ಹೊಸ ಸಂಖ್ಯೆ ಬಿತ್ತು.

"ಶನಿವಾರ ಬೆಳಿಗ್ಗೆ ತೆಗೆದುಕೊಳ್ಳಿ. ಕಷ್ಟದ್ದೇನಲ್ಲ. ನನ್ನ ಹುಟ್ಟಿದ ದಿನ ಹಾಕಿದೀನಿ" ಎಂದಳು.

ಅಳಿಯ ಮಾವನ ಮುಖ ನೋಡಿದ. ಹೆತ್ತವನಿಗೆ ಗೊತ್ತಿರಲೇಬೇಕು. ಮಾವ ಅಳಿಯನ ಮುಖ ನೋಡಿದ. ಕಟ್ಟಿಕೊಂಡವನಿಗೆ ಗೊತ್ತಿರಲೇಬೇಕು. ಆಮೇಲೆ ಇಬ್ಬರೂ ಕಿಟಕಿಯ ಹೊರಗೆ ನೋಡಿದರು.

"ಮೀನು ಹಿಡಿಯೋದು ಶುರುವಾಗೋ ವಾರ" ಎಂದ ಆರ್ವಿಡ್, ಡೋರೀನ್ ಆಚೆ ಹೋದ ಮೇಲೆ. "ನಾನು ದೋಣಿಲಿದ್ದೆ. ದಡಕ್ಕೆ ಬಂದಾಗ ಹೇಳಿದ್ರು."

"ಮೇ ತಿಂಗಳು ಅಂತ ನನಗೂ ಗೊತ್ತು ಮಾವ."

ಮರುದಿನ ಗುಂಡರ್‌ಬೀ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಹೋಗಿ ನಿಂತರು. ಯೋಚನೆ ನಾರ್ಬರ್ಟನದು. ಅವನ ಜೀವಮಾನದಲ್ಲಿ ಬಂದ ಯೋಚನೆಗಳಲ್ಲಿ ಅದೇ ಅತ್ಯುತ್ತಮವಾದುದು. ಮಾರ್ಲಿಸ್ ಅಷ್ಟು ವರ್ಷ ಊರಿನ ಕೇಕುಗಳ ಮೇಲೆ ಹೆಸರು ಬರೆದವಳು. ಯಾರು ಯಾವತ್ತು ಹುಟ್ಟಿದರೆಂದು ಅವಳಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು?

ಮಾರ್ಲಿಸ್ ಮೊದಲು ನಾರ್ಬರ್ಟನ ಸೊಂಟ ನೋಡಿದಳು. ಒರೆ ಖಾಲಿಯಾಗಿ ಜೋತಾಡುತ್ತಿತ್ತು. "ಇವತ್ತು ಏನೂ ತಂದಿಲ್ವಾ ಸಾರ್?"

"ಇಲ್ಲಮ್ಮಾ. ಒಂದು ವಿಷಯ ಕೇಳಬೇಕಿತ್ತು. ನನ್ನ ಹೆಂಡತಿ ಡೋರೀನ್ ಹುಟ್ಟಿದ ದಿನ ನಿಮಗೆ ನೆನಪಿರಬೇಕಲ್ಲ? ಮೇ ತಿಂಗಳಲ್ಲಿ?"

"ಡೋರೀನಾ? ನೆನಪಿಲ್ದೇ ಏನು" ಎಂದಳು ಮಾರ್ಲಿಸ್. ಇಬ್ಬರೂ ಮುಂದಕ್ಕೆ ಬಾಗಿದರು. "ಪ್ರತಿ ವರ್ಷ ಬರೋರು. ಒಬ್ಬರಿಗಾಗೋ ಅಷ್ಟು ಸಣ್ಣ ಕೇಕ್. ಯಾರ ಹುಟ್ಟುಹಬ್ಬ ಅಂದ್ರೆ ನಂದೇ ಅನ್ನೋರು. ಹೆಸರು ಬರೀಲಾ ಅಂದ್ರೆ, ಬೇಡ ಮಾರ್ಲಿಸ್, ಮನೇಲಿ ಓದೋರು ಯಾರೂ ಇರಲ್ಲ, ಎಲ್ರೂ ಕೆರೆ ಹತ್ರ ಇರ್ತಾರೆ ಅನ್ನೋರು."

ಆರ್ವಿಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಾರೀಕು..." ಎಂದ ನಾರ್ಬರ್ಟ್, ಕೇಳಿಸಿಯೂ ಕೇಳಿಸದಂತೆ.

"ಅದನ್ನ ನಾನು ಹೇಳೋ ಹಾಗಿಲ್ಲ ಸಾರ್."

"ಅದಕ್ಕೂ ನಿಯಮ ಇದೆಯಾ?"

"ಇದೆ" ಎಂದಳು ಮಾರ್ಲಿಸ್. "ಈಗಷ್ಟೇ ಬಂತು."

ಬೋರ್ಡು ನೋಡುವ, ಮುಖ್ಯ ಕಚೇರಿಗೆ ಫೋನು ಮಾಡಿಸುವ ಮಾತೇ ಬರಲಿಲ್ಲ. ಇಬ್ಬರೂ ತಲೆ ತಗ್ಗಿಸಿ ರಸ್ತೆ ದಾಟಿ ದಿನಸಿ ಅಂಗಡಿಗೆ ಹೋದರು. ಕೇಕಿನ ಕಟ್ಟೆಯ ಹಿಂದೆ ಹೊಸ ಹುಡುಗಿಯೊಬ್ಬಳು ಕ್ರೀಮಿನ ಚೀಲ ಹಿಡಿದು ನಿಂತಿದ್ದಳು.

"ದೊಡ್ಡದು ಕೊಡು" ಎಂದ ಆರ್ವಿಡ್. "ಮೂರು ಜನಕ್ಕೆ. ಹಳದಿ ಬಣ್ಣದ್ದು ಇದ್ರೆ ಹಳದೀದು."

"ಏನಂತ ಬರೀಲಿ? ತಾರೀಕು ಹಾಕ್ಲಾ?"

ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಡೋರೀನ್ ಅಂತ ಹೆಸರು ಬರಿ ಸಾಕು" ಎಂದ ಆರ್ವಿಡ್. "ನಾರ್ಬರ್ಟ್, ಸ್ಪೆಲ್ಲಿಂಗ್ ನೀನು ಹೇಳು."